ಐವತ್ತು ದಾಟಿದ ಹೆಣ್ಣೂ ವೈದ್ಯವೂ

ನಮ್ಮ ಕಡೆಯ ಮನೆಗಳಲ್ಲಿ ಹುಡುಗಿ ದೊಡ್ಡವಳಾದಳೆಂದರೆ ಹಸೆಗೆ ಕೂರಿಸಿ ಆರತಿ ಎತ್ತುವುದುಂಟು; ಚಿಗಳಿ, ಕೊಬ್ಬರಿ ತಿನ್ನಿಸುವುದುಂಟು. ಬಸುರಿಯಾದರೆ ಬಯಕೆಯೂಟ, ಸೀಮಂತ. ಹೆತ್ತರೆ ಬಾಣಂತನ: ಎಣ್ಣೆ, ಬಿಸಿನೀರು, ಧೂಪ, ಮೆಂತ್ಯ, ಅಂಟಿನುಂಡೆ, ಮನೆ ತುಂಬ ಉಪಚಾರ. ಆದರೆ ಅದೇ ಹೆಣ್ಣಿಗೆ ಮುಟ್ಟು ನಿಂತದ್ದು ಯಾರಿಗೂ ತಿಳಿಯುವುದಿಲ್ಲ. 'ಇನ್ನು ಹೊರಗೆ ಕೂರುವ ಕಾಟ ತಪ್ಪಿತು' ಎಂದು ಅವಳೇ ಸಮಾಧಾನ ತಂದುಕೊಂಡು ಅಡಿಗೆಮನೆಗೆ ನಡೆಯುತ್ತಾಳೆ. ಅಲ್ಲಿಗೆ ಅವಳ ಮೈಯ ವಿಚಾರ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ.

ಆದರೆ ಅದು ಮುಗಿಯುವುದಿಲ್ಲ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. ಮುಟ್ಟು ನಿಂತ ಮೇಲೆ ಇಪ್ಪತ್ತೈದು ಮೂವತ್ತು ವರ್ಷ ಬಾಳುವುದು ಇಂದು ಸಾಮಾನ್ಯ ಸಂಗತಿ. ಆ ಕಾಲದಲ್ಲಿ ಎಷ್ಟೋ ಜನ ತಾಯಂದಿರಿಗೆ ಯೋನಿಯಲ್ಲಿ ಒಣಗಿದಂತೆ ಉರಿ, ನವೆ, ಗಂಡನ ಸಂಗದಲ್ಲಿ ನೋವು, ಉರಿಮೂತ್ರ, ಕೆಮ್ಮಿದರೆ ಸೀನಿದರೆ ಬಟ್ಟೆ ಒದ್ದೆಯಾಗುವುದು, ಗರ್ಭಕೋಶ ಕೆಳಗೆ ಜಾರುವುದು, ಇವುಗಳಲ್ಲಿ ಒಂದಲ್ಲ ಒಂದು ತೊಂದರೆ ಕಾಡುತ್ತದೆ. ಮಂಡಿನೋವನ್ನು ಬೀದಿಯವರಿಗೆಲ್ಲ ಹೇಳಿಕೊಳ್ಳುವವರು ಇದನ್ನು ಹೆತ್ತ ಮಗಳಿಗೂ ಹೇಳುವುದಿಲ್ಲ.

ಈ ಮೌನಕ್ಕೆ ನಾಚಿಕೆಯೊಂದೇ ಕಾರಣವಲ್ಲ. ವೈದ್ಯದ ಇತಿಹಾಸವನ್ನು ತಿರುವಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಹೆರುವ ಕಾಲ ಇರುವವರೆಗೆ ಹೆಣ್ಣಿನ ಮೈಯನ್ನು ಮನೆಯೂ ಸರ್ಕಾರವೂ ವೈದ್ಯರೂ ವಿಚಾರಿಸಿಕೊಂಡರು, ಆಮೇಲೆ ವಿಚಾರಿಸುವವರು ಕಡಿಮೆಯಾದರು. ಐವತ್ತರ ಆಚೆಯವಳಿಗೆ ದೊರೆತ ಉಪಶಮನಗಳಲ್ಲಿ ಹಲವು, ಬೇರೇನನ್ನೋ ಹುಡುಕುವಾಗ ಸಿಕ್ಕವು. ಆ ಕಥೆಯನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ಗ್ರಂಥಗಳ ಮಾತು

ನಮ್ಮ ಪ್ರಾಚೀನರಿಗೆ ಈ ವಿಷಯ ತಿಳಿಯದ್ದಲ್ಲ. ಹೆಣ್ಣಿಗೆ ಹನ್ನೆರಡನೆಯ ವಯಸ್ಸಿಗೆ ರಜಸ್ಸು ಕಾಣಿಸಿಕೊಂಡು, ಮೈ ಮಾಗಿದ ಮೇಲೆ ಐವತ್ತರ ಹೊತ್ತಿಗೆ ಕ್ಷಯವಾಗುತ್ತದೆಂದು ಸುಶ್ರುತ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಇಂದಿನ ಅಧ್ಯಯನಗಳ ಪ್ರಕಾರ ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46ರ ಸುಮಾರಿಗೆ. ಅಷ್ಟು ಹಿಂದಿನವರ ಲೆಕ್ಕ ಇದರಿಂದ ಬಹಳ ದೂರವಿಲ್ಲ. ಚರಕ ಸಂಹಿತೆಯು ಎಣಿಸಿರುವ ಇಪ್ಪತ್ತು ಯೋನಿವ್ಯಾಪತ್ತುಗಳಲ್ಲಿ ಒಂದರ ಹೆಸರೇ 'ಶುಷ್ಕಾ', ಎಂದರೆ ಒಣಗಿದ್ದು. ಔಷಧದ ಎಣ್ಣೆಯಲ್ಲಿ ಅದ್ದಿದ ಅರಳೆಯನ್ನೋ ಬಟ್ಟೆಯನ್ನೋ ಒಳಗಿಡುವ 'ಪಿಚು' ಎಂಬ ಉಪಚಾರವೂ ಆ ಶಾಸ್ತ್ರದಲ್ಲಿದೆ.

ಆದರೆ ಈ ಇಪ್ಪತ್ತು ವ್ಯಾಪತ್ತುಗಳನ್ನು ಓದುತ್ತ ಹೋದರೆ ಗ್ರಂಥಕಾರರ ಮನಸ್ಸು ಎಲ್ಲಿತ್ತೆಂದು ತಿಳಿಯುತ್ತದೆ. ಗರ್ಭ ನಿಲ್ಲುವುದಕ್ಕೆ ಏನು ಅಡ್ಡಿ, ಸಂತಾನಕ್ಕೆ ಏನು ಕೇಡು ಎಂಬ ಚಿಂತೆಯೇ ಅಲ್ಲಿ ಮುಂದು. ಐವತ್ತರ ಅನಂತರದ ಹೆಣ್ಣಿನ ಬಗ್ಗೆ ಪ್ರತ್ಯೇಕವಾಗಿ ಒಂದು ಅಧ್ಯಾಯವಿಲ್ಲ.

ಪಶ್ಚಿಮದಲ್ಲಿಯೂ ಕಥೆ ಇಷ್ಟೇ. ಪ್ರಾಚೀನ ಗ್ರೀಕ್ ವೈದ್ಯರು ಜಾರಿದ ಗರ್ಭಕೋಶವನ್ನು ಮೇಲೆ ತಳ್ಳಿ, ಅರ್ಧ ಹೋಳು ದಾಳಿಂಬೆಯನ್ನು ಆಧಾರವಾಗಿ ಇಡುತ್ತಿದ್ದರು. ಆದರೆ ಮುಟ್ಟು ನಿಲ್ಲುವುದಕ್ಕೆ ವೈದ್ಯದಲ್ಲಿ ಒಂದು ಹೆಸರು ಬರಲು ಹತ್ತೊಂಬತ್ತನೆಯ ಶತಮಾನವೇ ಆಗಬೇಕಾಯಿತು. ಗಾರ್ಡಾನ್ ಎಂಬ ಫ್ರೆಂಚ್ ವೈದ್ಯ 1816ರಲ್ಲಿ ಒಂದು ಪದವನ್ನು ಕಟ್ಟಿ, 1821ರ ತನ್ನ ಪುಸ್ತಕದಲ್ಲಿ ಅದನ್ನು ತಿದ್ದಿ 'ಮೆನೊಪಾಸ್' ಎಂದು ಬಳಸಿದ. ಇಂದು ವೈದ್ಯರ ಬಾಯಲ್ಲಿ ಕೇಳುವ ಮೆನೋಪಾಸ್ ಅದೇ. ಕನ್ನಡದಲ್ಲಿ ನಾವು ಋತುಬಂಧ, ರಜೋನಿವೃತ್ತಿ ಎಂದು ಬರೆಯುತ್ತೇವೆ. ಮನೆಮಾತಿನಲ್ಲಿ 'ಮುಟ್ಟು ನಿಂತಿತು' ಎಂಬುದಷ್ಟೇ ಇದೆ. ನಿಂತ ಮೇಲಿನ ಅವಸ್ಥೆಗೆ ಹೆಸರಿಲ್ಲ.

ಪರದೆಯ ಹಿಂದಿನ ರೋಗಿಗಳು

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿತ್ತು. ಗಂಡಸು ವೈದ್ಯನಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಮೇಲು ಎಂದು ಕುಲೀನ ಮನೆತನದ ಹೆಂಗಸರು ಎಣಿಸುತ್ತಿದ್ದರು. 1881ರಲ್ಲಿ ಪನ್ನಾ ಸಂಸ್ಥಾನದ ರಾಣಿ ತನಗೆ ಚಿಕಿತ್ಸೆ ಮಾಡಿದ ಎಲಿಜಬೆತ್ ಬೀಲ್ಬಿಯವರ ಕೈಯಲ್ಲಿ ವಿಕ್ಟೋರಿಯಾ ಮಹಾರಾಣಿಗೆ ಒಂದು ಸಂದೇಶ ಕಳಿಸಿದಳು. ಭಾರತದ ಹೆಂಗಸರು ಕಾಯಿಲೆ ಬಿದ್ದಾಗ ಪಡುವ ಪಾಡು ಅದರ ವಿಷಯ. 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. ಮದರಾಸಿನಲ್ಲಿ ಅದೇ ವರ್ಷ ಗೋಷಾ ಆಸ್ಪತ್ರೆ ತೆರೆಯಿತು. ಮೇರಿ ಶಾರ್ಲೀಬ್ ಅದರ ಹಿಂದಿದ್ದ ಶಕ್ತಿ. 1886ರಲ್ಲಿ ಮುಂಬಯಿಯ ಕಾಮಾ ಆಸ್ಪತ್ರೆ ಆರಂಭವಾಯಿತು. ಎಡಿತ್ ಪೀಚಿಯವರ ಆಡಳಿತದಲ್ಲಿ, ಹೆಂಗಸರಿಗಾಗಿ ಹೆಂಗಸು ವೈದ್ಯರೇ ನಡೆಸಿದ ಆಸ್ಪತ್ರೆ ಅದು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು 1916ರದು. ಈ ಊರುಗಳಲ್ಲಿ ನೆಲೆಸಿರುವ ನಮ್ಮ ಓದುಗರು ಈ ಕಟ್ಟಡಗಳ ಮುಂದೆ ನಿತ್ಯ ಹಾದುಹೋಗುತ್ತಿರಬಹುದು.

ಇವುಗಳಿಂದ ಆದ ಉಪಕಾರ ದೊಡ್ಡದು. ಆದರೂ ಹೆರಿಗೆಯೇ ಇವುಗಳ ಮುಖ್ಯ ಕೆಲಸವಾಗಿತ್ತು. ಹೆರಿಗೆಯಲ್ಲಿ ತಾಯಿ ಮಗು ಸಾಯುತ್ತಿದ್ದ ಆ ಕಾಲದಲ್ಲಿ ಅದು ಸಹಜವೇ. ನಮ್ಮ ಮೈಸೂರು ಸಂಸ್ಥಾನವು 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಲೋಕಕ್ಕೆ ದಾರಿ ತೋರಿತು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಕೈಗೊಂಡಿತು. ಎರಡೂ ಹೆಮ್ಮೆಯ ಸಂಗತಿಗಳೇ. ಎರಡರಲ್ಲೂ ಹೆಣ್ಣೆಂದರೆ ಹೆರುವವಳು ಅಥವಾ ಹೆರುವುದನ್ನು ನಿಲ್ಲಿಸಬೇಕಾದವಳು. ಹೆತ್ತು ಮುಗಿಸಿದವಳು ಎಣಿಕೆಗೆ ಬರಲಿಲ್ಲ.

ಕುದುರೆಯ ಮೂತ್ರದಿಂದ ಬಂದ ಗುಳಿಗೆ

ಇನ್ನು ಔಷಧದ ಕಥೆ. ಅಂಡಾಶಯದಲ್ಲಿ ಏನೋ ಒಂದು ಸತ್ವವಿದೆ, ಅದು ಬತ್ತುವುದರಿಂದಲೇ ಈ ಬದಲಾವಣೆ ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ವೈದ್ಯರು ಊಹಿಸಿದರು. 1890ರ ದಶಕದಲ್ಲಿ ಜರ್ಮನಿಯಲ್ಲಿ ದನದ ಅಂಡಾಶಯವನ್ನು ಒಣಗಿಸಿ ಕೊಟ್ಟು ನೋಡಿದ್ದೂ ಉಂಟು. 1923ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ ಈ ಸತ್ವದ ಇರುವಿಕೆಯನ್ನು ಪ್ರಯೋಗದಿಂದ ತೋರಿಸಿದರು. 1929ರಲ್ಲಿ ಡಾಯ್ಸಿ ಅಲ್ಲಿ, ಜರ್ಮನಿಯಲ್ಲಿ ಬ್ಯೂಟೆನಾಂಟ್ ಇಲ್ಲಿ, ಬೇರೆ ಬೇರೆಯಾಗಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋಜೆನ್ ವರ್ಗದ ಮೊದಲ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು.

ಈ ಹಾರ್ಮೋನು ಮಾಡುವ ಕೆಲಸವನ್ನು ತಿಳಿದರೆ ನಮ್ಮ ತಾಯಂದಿರ ತೊಂದರೆ ಅರ್ಥವಾಗುತ್ತದೆ. ಯೋನಿಯ ಒಳಪೊರೆಯನ್ನು ದಪ್ಪವಾಗಿ, ತೇವವಾಗಿ ಇಡುವುದು ಇದೇ. ಅಲ್ಲಿ ಹುಳಿಯಂಶವಿದ್ದು, ಒಳ್ಳೆಯ ಸೂಕ್ಷ್ಮಜೀವಿಗಳು ಬೆಳೆದು ಕೆಟ್ಟವನ್ನು ತಡೆಯುವಂತೆ ಮಾಡುವುದೂ ಇದೇ. ಇದು ಬತ್ತಿದಾಗ ಪೊರೆ ತೆಳ್ಳಗಾಗುತ್ತದೆ, ಒಣಗುತ್ತದೆ, ಬೇಗ ಗೀರುಬೀಳುತ್ತದೆ. ಮೂತ್ರನಾಳದ ಪೊರೆಗೂ ಇದೇ ಗತಿ; ಮೇಲಿಂದ ಮೇಲೆ ಉರಿಮೂತ್ರ ಬರುವುದು ಇದರಿಂದಲೇ. ಮೈ ಬಿಸಿಯೇರಿ ಬೆವರುವುದು ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಈ ಒಣಗುವಿಕೆ ಹಾಗಲ್ಲ. ಸುಮ್ಮನಿದ್ದರೆ ವರ್ಷ ಕಳೆದಂತೆ ಹೆಚ್ಚುತ್ತದೆ. 'ವಯಸ್ಸಾದ ಮೇಲೆ ಇದ್ದದ್ದೇ, ತಾನೇ ಹೋಗುತ್ತದೆ' ಎಂಬ ಸಮಾಧಾನ ಇಲ್ಲಿ ಸಲ್ಲದು.

1942ರಲ್ಲಿ ಅಮೆರಿಕದ ಪೇಟೆಗೆ ಪ್ರೆಮರಿನ್ ಎಂಬ ಗುಳಿಗೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ಮಾಡಿದ್ದು. ಹೆಸರೂ ಅದರಿಂದಲೇ ಬಂದದ್ದು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಪುಸ್ತಕ ಬರೆದು, ಈ ಗುಳಿಗೆ ನುಂಗಿದರೆ ಹೆಣ್ಣು ಎಂದೆಂದಿಗೂ ತರುಣಿಯಾಗಿರುವಳೆಂದು ಸಾರಿದ. ಸುದ್ದಿ ಹರಡಿತು, ಮಾರಾಟ ಏರಿತು. ಇಲ್ಲಿಯವರೆಗೆ ಯಾರೂ ಕೇಳದಿದ್ದ ಐವತ್ತರ ಹೆಣ್ಣನ್ನು ಈಗ ಔಷಧದ ಅಂಗಡಿ ಕೇಳತೊಡಗಿತು. ಅವಳ ತೊಂದರೆಗಿಂತ ಅವಳ ಸುಕ್ಕೇ ಅದಕ್ಕೆ ದೊಡ್ಡದಾಗಿ ಕಂಡಿತು.

ಫಲ ಕಾಣಲು ಹತ್ತು ವರ್ಷ ಹಿಡಿಯಲಿಲ್ಲ. ಈಸ್ಟ್ರೋಜೆನ್ ಒಂದನ್ನೇ ನುಂಗಿದವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹೆಚ್ಚುವುದೆಂದು 1975ರಲ್ಲಿ ವರದಿಗಳು ಬಂದವು. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರಾನ್ ಜಾತಿಯ ಇನ್ನೊಂದು ಹಾರ್ಮೋನನ್ನು ಜೊತೆಗೂಡಿಸಿ ಕೊಡುವ ಪದ್ಧತಿ ಆಗ ಬೇರೂರಿತು. 2002ರ ಜುಲೈನಲ್ಲಿ ಇನ್ನೊಂದು ಆಘಾತ. ಅಮೆರಿಕದಲ್ಲಿ 50ರಿಂದ 79 ವಯಸ್ಸಿನ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಜೋಡಿ ಹಾರ್ಮೋನಿನ ಪರೀಕ್ಷೆಯನ್ನು ನಡುವಿನಲ್ಲೇ ನಿಲ್ಲಿಸಲಾಯಿತು. ಗುಳಿಗೆ ತೆಗೆದುಕೊಂಡವರಲ್ಲಿ, ಹತ್ತು ಸಾವಿರ ಮಂದಿಗೆ ವರ್ಷಕ್ಕೆ ಎಂಟರಂತೆ, ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದೂ ಹೆಚ್ಚಿತ್ತು. ಆದರೆ ಸೊಂಟದ ಮೂಳೆ ಮುರಿತ ಕಡಿಮೆಯಾಗಿತ್ತು. ಜಗತ್ತಿನಾದ್ಯಂತ ಹೆಂಗಸರು ಗುಳಿಗೆಯನ್ನು ಬಿಟ್ಟರು.

ಇಲ್ಲಿ ಒಂದು ಅನ್ಯಾಯವೂ ನಡೆಯಿತು. ನುಂಗುವ ಗುಳಿಗೆಯ ಮೇಲಿನ ಭಯ, ಯೋನಿಗೆ ಮಾತ್ರ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜೆನ್ ಮುಲಾಮಿನ ಮೇಲೂ ಬಿತ್ತು. ಹಚ್ಚಿದ ಕಡೆ ಕೆಲಸ ಮಾಡುವ ಈ ಮುಲಾಮಿನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ. ಎರಡಕ್ಕೂ ಒಂದೇ ಎಚ್ಚರಿಕೆಯ ಚೀಟಿ ಅಂಟಿಸಿದ್ದರಿಂದ ಸುಲಭದ ಪರಿಹಾರ ಕೈಗೆ ಸಿಗದೆ ಅನೇಕರು ನರಳಿದರು. 2014ರಲ್ಲಿ ಎರಡು ವೈದ್ಯ ಸಂಸ್ಥೆಗಳು ಕೂಡಿ ಈ ತೊಂದರೆಗೆ ಹೊಸ ಹೆಸರಿಟ್ಟವು. ಹಳೆಯ ಹೆಸರಿಗೆ 'ಕೃಶವಾದ ಯೋನಿಯ ಉರಿಯೂತ' ಎಂಬಂಥ ಅರ್ಥವಿತ್ತು. ಹೊಸದು 'ಮುಟ್ಟು ನಿಂತ ಮೇಲಿನ ಜನನಾಂಗ ಮತ್ತು ಮೂತ್ರಾಂಗಗಳ ಲಕ್ಷಣಕೂಟ'. ಉದ್ದವಾಯಿತು, ನಿಜ, ಆದರೆ ಮೂತ್ರದ ತೊಂದರೆಯೂ ಇದರ ಭಾಗವೇ ಎಂದು ಒಪ್ಪಿಕೊಂಡಂತಾಯಿತು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಆ ಹಳೆಯ ಎಚ್ಚರಿಕೆಯ ಚೀಟಿಯನ್ನು ತೆಗೆಸಲು ಕ್ರಮ ಕೈಗೊಳ್ಳುವುದಾಗಿ ಪ್ರಕಟಿಸಿತು.

ಮುಂಬಯಿಯ ಎರಡು ಅಧ್ಯಾಯಗಳು

ಈ ಇತಿಹಾಸದಲ್ಲಿ ನಮಗೆ ಹತ್ತಿರದ ಒಂದು ಹೆಸರು ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಅವರದು. ಗೋವೆಯ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿ, ನಮ್ಮ ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ ವೈದ್ಯರಾಗಿ ಹೊರಬಂದವರು. ಗರ್ಭ ಜಾರದಂತೆ ಗರ್ಭಕೋಶದ ಕೊರಳಿಗೆ ಹಾಕುವ 'ಶಿರೋಡ್ಕರ್ ಹೊಲಿಗೆ'ಯಿಂದ 1955ರಲ್ಲಿ ಜಗತ್ಪ್ರಸಿದ್ಧರಾದರು. ಜಾರಿದ ಗರ್ಭಕೋಶವನ್ನು ಕಿತ್ತು ಹಾಕದೆ ಪಟ್ಟಿಯಿಂದ ಎತ್ತಿ ಕಟ್ಟುವ ಶಸ್ತ್ರಕ್ರಿಯೆಗೂ ಅವರ ಹೆಸರಿದೆ. 1971ರಲ್ಲಿ ಪದ್ಮವಿಭೂಷಣರಾಗಿ ಅದೇ ವರ್ಷ ತೀರಿಕೊಂಡರು. ಇಲ್ಲಿಯೂ ಲೋಕ ನೆನೆಯುವುದು ಬಸುರಿಗೆ ಹಾಕಿದ ಹೊಲಿಗೆಯನ್ನೇ. ಇನ್ನೊಂದನ್ನು ವೈದ್ಯರು ಮಾತ್ರ ಬಲ್ಲರು.

ಎರಡನೆಯ ಅಧ್ಯಾಯ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಸೇರಿದ್ದು. ಗ್ರೀಸಿನಿಂದ ಅಮೆರಿಕಕ್ಕೆ ವಲಸೆ ಬಂದ ಜಾರ್ಜ್ ಪಾಪನಿಕೊಲಾವ್ ಮುಟ್ಟಿನ ಚಕ್ರವನ್ನು ತಿಳಿಯಲೆಂದು ಯೋನಿಯ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಆಗ ಅವರಿಗೆ ಕ್ಯಾನ್ಸರಿನ ಕೋಶಗಳು ಕಂಡವು. 1928ರಲ್ಲಿ ಹೇಳಿದಾಗ ಯಾರೂ ಗಮನ ಕೊಡಲಿಲ್ಲ. 1943ರ ಗ್ರಂಥದಿಂದ ಮನ್ನಣೆ ದೊರೆಯಿತು. 'ಪ್ಯಾಪ್' ಪರೀಕ್ಷೆ ಎಂದು ಕರೆಯುವುದು ಇದನ್ನೇ. ಆದರೆ ಇದಕ್ಕೆ ಪ್ರಯೋಗಶಾಲೆ ಬೇಕು, ನುರಿತ ಕಣ್ಣು ಬೇಕು. ಬಡವರ ಓಣಿಗೆ ಅದು ಬಂದೀತೆ?

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಈ ಪ್ರಶ್ನೆಗೆ ಉತ್ತರ ಹುಡುಕಿದರು. 1998ರಿಂದ ನಗರದ ಕೊಳೆಗೇರಿಗಳಲ್ಲಿ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡರು. ಹತ್ತನೆಯ ತರಗತಿ ಓದಿದ ಹುಡುಗಿಯರಿಗೆ ತರಬೇತಿ ಕೊಟ್ಟು, ತೆಳುವಾದ ವಿನಿಗರ್ ಸವರಿ ಬೆಳ್ಳಗಾಗುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸುವುದನ್ನು ಕಲಿಸಿದರು. ಡಾ. ಸುರೇಂದ್ರ ಶಾಸ್ತ್ರಿಯವರ ತಂಡ 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಈ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆಯಾಗಿತ್ತು. ನಮ್ಮ ಬೀದರ, ಕಲಬುರಗಿಗಳ ನೆರೆಯ ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ್ ಜಿಲ್ಲೆಯಲ್ಲಿ 1,31,746 ಹೆಂಗಸರ ಮೇಲೆ ನಡೆದ ಇನ್ನೊಂದು ಅಧ್ಯಯನ 2009ರಲ್ಲಿ ಹೊರಬಂತು. ಈ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಸ್ಸಿನ ಪರೀಕ್ಷೆಯನ್ನು ಒಂದೇ ಸಲ ಮಾಡಿದರೂ ಸಾವು ಸುಮಾರು ಅರ್ಧಕ್ಕೆ ಇಳಿಯುವುದೆಂದು ಅದು ತೋರಿಸಿತು. ವಯಸ್ಸು ಏರಿದಂತೆ ಆ ಭಾಗ ಒಳಕ್ಕೆ ಸರಿಯುವುದರಿಂದ ವಿನಿಗರ್ ಪರೀಕ್ಷೆಗೆ ಸರಿಯಾಗಿ ಕಾಣುವುದಿಲ್ಲ. ಐವತ್ತು ದಾಟಿದವರಿಗೆ ವೈರಸ್ಸಿನ ಪರೀಕ್ಷೆಯೋ ಪ್ಯಾಪ್ ಪರೀಕ್ಷೆಯೋ ಹೆಚ್ಚು ನಂಬಲರ್ಹ.

ಕತ್ತರಿಯ ಆತುರ

ಹೆಣ್ಣಿನ ಮೌನಕ್ಕೆ ಇನ್ನೊಂದು ಕ್ರೂರ ಮುಖವಿದೆ. ಬಿಳಿಸೆರಗು, ಸೊಂಟನೋವು ಎಂದು ಹೋದವಳಿಗೆ 'ಮಕ್ಕಳಾಗಿವೆಯಲ್ಲ, ಗರ್ಭಕೋಶ ಇನ್ನೇಕೆ? ಬಿಟ್ಟರೆ ಕ್ಯಾನ್ಸರ್ ಆದೀತು' ಎಂದು ಹೆದರಿಸಿ ಕತ್ತರಿ ಹಾಕುವ ದಂಧೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ವಲಸೆ ಹೋಗುವ ಹೆಂಗಸರಲ್ಲಿ ಬಹಳ ಮಂದಿಗೆ, ಅದೂ ಚಿಕ್ಕ ವಯಸ್ಸಿನಲ್ಲೇ, ಗರ್ಭಕೋಶ ತೆಗೆದಿರುವ ಸಂಗತಿ 2019ರಲ್ಲಿ ದೇಶವನ್ನು ಬೆಚ್ಚಿಬೀಳಿಸಿತು. ಅಂಡಾಶಯಗಳನ್ನೂ ಕೂಡಿ ತೆಗೆದರೆ ಮೂವತ್ತೈದರ ಹೆಣ್ಣಿಗೂ ಒಂದೇ ದಿನದಲ್ಲಿ ಮುಟ್ಟು ನಿಂತ ಅವಸ್ಥೆ ಬರುತ್ತದೆ. ಅನಾವಶ್ಯಕವಾದ ಈ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಗರ್ಭಕೋಶ ತೆಗೆಸಲು ಯಾರೇ ಹೇಳಲಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬಾರದು.

ಈ ಇತಿಹಾಸದಿಂದ ನಾವು ಕಲಿಯಬೇಕಾದ್ದು

ಮೊದಲನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮುಟ್ಟು ನಿಂತು ಹನ್ನೆರಡು ತಿಂಗಳು ಕಳೆದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ, ಒಮ್ಮೆ ಮಾತ್ರ ಕಂಡರೂ, ತಡಮಾಡದೆ ಸ್ತ್ರೀರೋಗ ತಜ್ಞರ ಬಳಿಗೆ ಹೋಗಬೇಕು. ಬಹುಪಾಲು ಸಂದರ್ಭಗಳಲ್ಲಿ ಕಾರಣ ತೆಳುವಾದ ಪೊರೆಯೋ ಇನ್ನಾವುದೋ ಸಣ್ಣ ವಿಷಯವೋ ಆಗಿರುತ್ತದೆ. ಆದರೆ ಹತ್ತರಲ್ಲಿ ಸುಮಾರು ಒಬ್ಬರಲ್ಲಿ ಅದು ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಆಗಿರಬಹುದು. ಬೇಗ ಕಂಡುಹಿಡಿದರೆ ಅದನ್ನು ಗುಣಪಡಿಸಬಹುದು. 'ಮತ್ತೆ ಮುಟ್ಟು ಬಂತು' ಎಂದು ನಕ್ಕು ಸುಮ್ಮನಾಗುವುದು ಪ್ರಾಣಕ್ಕೆ ಅಪಾಯ.

ಉರಿ, ನವೆಗಳಿಗೆ ಸೋಪು, ಕ್ರಿಮಿನಾಶಕ ದ್ರಾವಣಗಳಿಂದ ಒಳಗೆ ತೊಳೆಯಬಾರದು. ಹೊರಗೆ ಬರಿಯ ನೀರು ಸಾಕು. ನವೆಯ ಹಿಂದೆ ಸಕ್ಕರೆ ಕಾಯಿಲೆ ಅಡಗಿರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ದಂಪತಿಗಳ ಸಂಗಕ್ಕೆ ಔಷಧದ ಅಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ಲಿಯಿಂದ ಅನುಕೂಲವಾಗುತ್ತದೆ. ಅದು ಸಾಲದಿದ್ದರೆ ಈಸ್ಟ್ರೋಜೆನ್ ಮುಲಾಮು ಇದೆ. ವೈದ್ಯರ ಸಲಹೆಯಂತೆ ಹಚ್ಚಿದರೆ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಸ್ತನ ಕ್ಯಾನ್ಸರ್ ಬಂದುಹೋದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಕೆಮ್ಮಿದರೆ ಮೂತ್ರ ಜಾರುವವರಿಗೆ ಅಮೆರಿಕದ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವಿದೆ. ಹೆತ್ತ ತಾಯಂದಿರ ಸಡಿಲಗೊಂಡ ಸ್ನಾಯುಗಳಿಗೆಂದು ಹುಟ್ಟಿದ್ದು ಅಜ್ಜಿಯರಿಗೂ ಒದಗಿತು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುವನ್ನು ಕೆಲವು ಕ್ಷಣ ಬಿಗಿಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೂತಲ್ಲೇ, ಲೋಕಲ್ ರೈಲಿನಲ್ಲೂ ಮಾಡಬಹುದು. ಮೂರು ತಿಂಗಳು ಬಿಡದೆ ಮಾಡಿದರೆ ಫಲ ತಿಳಿಯುತ್ತದೆ. ಗರ್ಭಕೋಶ ಜಾರಿದವರಿಗೆಲ್ಲ ಶಸ್ತ್ರಕ್ರಿಯೆಯೇ ಬೇಕೆಂದಿಲ್ಲ. ಗ್ರೀಕರ ದಾಳಿಂಬೆಯ ಜಾಗದಲ್ಲಿ ಇಂದು ಸಿಲಿಕೋನಿನ ಮೆತ್ತನೆಯ ಬಳೆ ಬಂದಿದೆ.

ಹೊರನಾಡಿನಲ್ಲಿರುವ ನಮಗೆ ಇದರ ಮೇಲೆ ಭಾಷೆಯ ಕಷ್ಟವೂ ಇದೆ. ಊರಿಂದ ಮಗನ ಮನೆಗೆ ಬಂದ ತಾಯಿ ವೈದ್ಯರ ಮುಂದೆ ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಏನು ಹೇಳಿಯಾಳು? ನಡುವೆ ನಿಂತು ಅನುವಾದ ಮಾಡುವವನು ಮಗ; ಅವನೆದುರು 'ಹೊಟ್ಟೆನೋವು' ಎಂದಷ್ಟೇ ಹೇಳಿ ಎದ್ದುಬರುತ್ತಾಳೆ. ಇಂಥ ಸಮಯದಲ್ಲಿ ಮಗಳೋ ಸೊಸೆಯೋ ಜೊತೆಗೆ ಹೋಗಲಿ. ಹೇಳಲಾಗದ್ದನ್ನು ಮುಂಚೆಯೇ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ, ಸೊಸೆ ಅದನ್ನು ವೈದ್ಯರಿಗೆ ತಿಳಿಸಲಿ. ಗಂಡಂದಿರೂ ಇದು ಹೆಂಗಸರ ವಿಷಯವೆಂದು ಪತ್ರಿಕೆಯ ಹಾಳೆ ತಿರುವದೆ ಓದಲಿ. ಸಂಗದಲ್ಲಿ ನೋವೆಂದು ಹಿಂಜರಿಯುವ ಹೆಂಡತಿಯನ್ನು ತಪ್ಪು ತಿಳಿಯುವ ಮುನ್ನ ಕಾರಣ ಕೇಳಲಿ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ', 'ತಾಯಿ-ಮಗು' ಮುಂತಾದ ಪುಸ್ತಕಗಳ ಮೂಲಕ, ಹೆಣ್ಣಿನ ಮೈಯ ವಿಚಾರವನ್ನು ಕನ್ನಡದಲ್ಲಿ ಸಂಕೋಚವಿಲ್ಲದೆ, ಮರ್ಯಾದೆ ಕೆಡದಂತೆ ಬರೆಯಬಹುದೆಂದು ತೋರಿಸಿಕೊಟ್ಟರು. ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ಅವರು ತೀರಿಕೊಂಡರು. ಕಿಶೋರಿಗೂ ತಾಯಿಗೂ ಅವರು ಹಾಕಿಕೊಟ್ಟ ದಾರಿಯನ್ನು ಅಜ್ಜಿಯರವರೆಗೆ ಮುಂದುವರಿಸುವುದು ನಮ್ಮಂಥ ಸಂಘಗಳಿಂದ ಆಗದ ಕೆಲಸವೇನಲ್ಲ. ನಮ್ಮ ಊರಿನಲ್ಲಿ ಕನ್ನಡ ಬಲ್ಲ ಸ್ತ್ರೀರೋಗ ತಜ್ಞೆಯರು ಯಾರು ಯಾರು ಇದ್ದಾರೆಂದು ಒಂದು ಪಟ್ಟಿ ಮಾಡೋಣ. ಮಹಿಳಾ ವಿಭಾಗದವರು ಹಳದಿ ಕುಂಕುಮದ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಟ್ಟು, ಅವರಲ್ಲೊಬ್ಬರನ್ನು ಕರೆದು, ಬಾಗಿಲು ಮುಚ್ಚಿ ಮನಬಿಚ್ಚಿ ಮಾತಾಡಲಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದರೆ ಯಾರಿಗೂ ಸಂಕೋಚವಿರದು. ಅಂದು ಬರುವಾಗ ಅಮ್ಮನನ್ನೂ ಅತ್ತೆಯನ್ನೂ ಜೊತೆಗೆ ಕರೆತನ್ನಿ.